ಹಾನುಬಾಳಿನಲ್ಲಿ ತಿಂಗಳಿಗೆ ಎಷ್ಟು ಬೇಕು?

ಬೆಂಗಳೂರಿನ ಕೆಲಸ ಬಿಟ್ಟು ಮಲೆನಾಡಲ್ಲಿ ನೆಲೆಸಬೇಕು ಅಂತ ಮನೆ ಹುಡುಕಿಕೊಂಡು ಬರುವವರೆಲ್ಲ ಕೇಳುವುದು ಇದನ್ನೇ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಮನೆಯ ಖರ್ಚಿನ ಪುಸ್ತಕ ನನ್ನ ಕೈಯಲ್ಲೇ ಇದೆ. ಆದರೂ ತಿಂಗಳಿಗೆ ಇಷ್ಟು ಅಂತ ಒಂದು ಅಂಕಿ ಹೇಳಲು ನನಗೆ ಬರುವುದಿಲ್ಲ. ಕಾಫಿ ಮಾರಿದ ದುಡ್ಡಿನಲ್ಲಿ ಬದುಕುವ ಮನೆಗಳ ಖರ್ಚು ಸುಗ್ಗಿಯಿಂದ ಸುಗ್ಗಿಗೆ ನಡೆಯುತ್ತದೆ.

ಅರೇಬಿಕಾ ಹಣ್ಣು ನವೆಂಬರ್‌, ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ, ರೋಬಸ್ಟಾ ಸಂಕ್ರಾಂತಿಯ ಆಚೀಚೆ. ಕೈಗೆ ದುಡ್ಡು ಬರುವುದು ಆಗ. ಬಂದದ್ದರಲ್ಲಿ ಕೊಯ್ಲಿನ ಕೂಲಿ ಕಳೆದು, ದಿನಸಿ ಅಂಗಡಿಯ ಉದ್ರಿ ತೀರಿಸಿ, ಹೂ ಅರಳಿಸಲು ನೀರು ಹೊಡೆಯುವ ಮೋಟಾರಿಗೆ ಡೀಸೆಲ್ ತಂದಮೇಲೆ ಉಳಿದದ್ದೇ ಮನೆಯದ್ದು. ಅದೂ ಮೇ ತಿಂಗಳಲ್ಲಿ ಕರಗುತ್ತದೆ. ನನ್ನ ಪುಸ್ತಕದಲ್ಲಿ ಅತಿ ದಪ್ಪನೆಯ ತಿಂಗಳು ಅದು. ಮಳೆ ಹಿಡಿಯುವ ಮುಂಚೆ ಹೆಂಚು ಕೈಯಾಡಿಸಬೇಕು, ಒಡೆದವನ್ನು ಬದಲಿಸಬೇಕು. ಟಾರ್ಪಾಲು, ಗಮ್ ಬೂಟು, ಮಕ್ಕಳಿದ್ದ ಮನೆಯಾದರೆ ಜರ್ಕಿನ್ನು. ಅಕ್ಕಿ ಮೂಟೆ, ಖಾರದ ಪುಡಿ, ಒಣಮೀನು, ಹಪ್ಪಳ. ಸೌದೆ ನಮ್ಮ ತೋಟದ ಮರಗಸಿಯಲ್ಲೇ ಸಿಗುತ್ತದೆ, ಆದರೆ ಸೀಳಿ ಒಟ್ಟುವವನ ಕೂಲಿ ಪುಕ್ಕಟೆಯಲ್ಲ. ಇದರ ಮೇಲೆ ಶಾಲೆಯ ಫೀಜು, ಶಾಲೆ ವ್ಯಾನಿನ ಬಾಡಿಗೆ.

ಅದೇ ಜುಲೈ ಪುಟ ನೋಡಿದರೆ ಅರ್ಧ ಖಾಲಿ. ಕಳಲೆ, ಕೆಸುವಿನ ಸೊಪ್ಪು, ಅಣಬೆ, ಗದ್ದೆ ಬದುವಿನ ಏಡಿ, ಇವಕ್ಕೆಲ್ಲ ಅಂಗಡಿಗೆ ಹೋಗಬೇಕಾಗಿಲ್ಲ. ಜುಲೈನಲ್ಲಿ ಬಂದು ನೋಡಿದವರಿಗೆ ಇದು ಬಲು ಅಗ್ಗದ ಊರು.

ಗದ್ದೆ ಎಂದಾಗ ಒಂದು ಮಾತು. ನಮ್ಮ ಅತ್ತೆಯವರ ಕಾಲದಲ್ಲಿ ಈ ಮನೆಗೆ ಅಕ್ಕಿ ಕೊಂಡದ್ದೇ ಇಲ್ಲವಂತೆ. ಈಗ ಸುತ್ತಮುತ್ತ ಎಷ್ಟೋ ಗದ್ದೆ ಪಾಳು. ಕೆಲವು ಅಡಿಕೆಯಾದವು, ಕೆಲವು ಶುಂಠಿಗೆ ಗುತ್ತಿಗೆ ಹೋದವು. ಆಳು ಸಿಗುವುದಿಲ್ಲ, ಸಿಕ್ಕಿ ನಾಟಿಯಾದರೂ ಆಲೂರು, ಸಕಲೇಶಪುರದ ಕಡೆಯ ಎಷ್ಟೋ ಊರುಗಳಲ್ಲಿ ತೆನೆಯನ್ನು ಆನೆ ಬಿಡುವುದಿಲ್ಲ. ಹಾಗಾಗಿ ಭತ್ತದ ಸೀಮೆಯಲ್ಲೇ ಕೂತು ಚೀಲದ ಸೋನಾಮಸೂರಿ ತರುತ್ತೇವೆ. ತೆಂಗಿನಕಾಯಿಯಂತೂ ಮೊದಲಿಂದಲೂ ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಿಂದಲೇ ಬರಬೇಕು.

ಇಲ್ಲಿ ಬೆಲೆ ಕಟ್ಟುವುದು ರಸ್ತೆ. ಸಕಲೇಶಪುರ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಮೂಡಿಗೆರೆಗೂ ಹೆಚ್ಚುಕಡಿಮೆ ಅಷ್ಟೇ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಹತ್ತಿರ ಹೆದ್ದಾರಿಯ ಮೇಲೆ ಗುಡ್ಡ ಜರಿದಾಗ ಮಂಗಳೂರಿನ ಬಂಗುಡೆ, ಬೂತಾಯಿಯೂ ದುರ್ಲಭವಾದವು. ಶಿರಾಡಿ ಘಾಟಿ ಮುಚ್ಚಿದರೆ ಮೀನು ತಿನ್ನುವವರ ಮನೆಗೆ ಒಣಮೀನೇ ಗತಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸು ನಮಗೆ ಹೆಂಗಸರಿಗೆ ಉಚಿತ. ಸಂತೆಗೆ, ಬ್ಯಾಂಕಿಗೆ ಯಜಮಾನರ ಜೀಪು ಕಾಯದೆ ಹೋಗಿಬರುತ್ತೇನೆ, ಇದು ಸಣ್ಣ ಮಾತಲ್ಲ. ಆದರೆ ಬಸ್ಸು ಇಳಿದ ಮೇಲೆ ಮನೆವರೆಗಿನ ಏರುದಾರಿಗೆ, ಕೈಯಲ್ಲಿ ಎರಡು ಚೀಲ ಇದ್ದರೆ, ಆಟೋ ಬೇಕೇ ಬೇಕು. ಗೃಹಜ್ಯೋತಿಯ ಕಥೆಯೂ ಹಾಗೇ. ಕರೆಂಟು ಬಿಲ್ಲು ಸೊನ್ನೆ ಬರುತ್ತದೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಾಗ ಇನ್ವರ್ಟರಿನ ಬ್ಯಾಟರಿ, ಅದೂ ಮುಗಿದರೆ ಜನರೇಟರಿನ ಡೀಸೆಲ್. ಅವೆರಡರ ಲೆಕ್ಕ ನನ್ನ ಪುಸ್ತಕದಲ್ಲಿ ಬೇರೆ ಪುಟ.

ಮಗಳು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿದ್ದಾಳೆ. ನ್ಯೂಯಾರ್ಕಿನಷ್ಟು ದೊಡ್ಡದಲ್ಲ, ಅಗ್ಗದ ಊರು ಅಂತಲೇ ಅಲ್ಲಿಗೆ ಹೋದರು. ಒಮ್ಮೆ ಫೋನಿನಲ್ಲಿ ಇಬ್ಬರೂ ಲೆಕ್ಕ ಓದಿಕೊಂಡೆವು. ಅವಳದ್ದರಲ್ಲಿ ಮೊದಲ ಸಾಲು ಮನೆ ಬಾಡಿಗೆ, ಅದರ ಬೆನ್ನಿಗೇ ಮಗುವಿನ ಡೇಕೇರು. ನನ್ನದರಲ್ಲಿ ಆ ಎರಡೂ ಇಲ್ಲ. 'ಎರಡು ಕಾರಿಲ್ಲದೆ ಇಲ್ಲಿ ಸಂಸಾರ ಆಗಲ್ಲಮ್ಮ, ಹಾಲು ತರೋಕೂ ಕಾರೇ' ಅಂದಳು. ಇಲ್ಲಿ ಮಾತ್ರ ಇನ್ನೇನು? ಒಂದು ಜೀಪು, ಒಂದು ಸ್ಕೂಟರು ಇಲ್ಲದೆ ನಮ್ಮ ಮನೆಯೂ ನಡೆಯುವುದಿಲ್ಲ. ಆದರೆ ಅವಳ ವಿಮೆ, ಬಾಡಿಗೆ ಎಲ್ಲ ತಿಂಗಳ ಸಂಬಳದಲ್ಲಿ ತಪ್ಪದೆ ಕಟ್ ಆಗುತ್ತವೆ. ನಮ್ಮಲ್ಲಿ ತಪ್ಪದೆ ಬರುವುದು ಖರ್ಚು ಒಂದೇ.

2024ರಲ್ಲಿ ಐವತ್ತು ಕೆಜಿ ರೋಬಸ್ಟಾ ಚೆರ್ರಿಯ ಚೀಲ ಹತ್ತು ಸಾವಿರ ರೂಪಾಯಿ ದಾಟಿತು. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬೆಳೆ ಕೆಟ್ಟು ನಮ್ಮವರ ಮುಖದಲ್ಲಿ ಕಳೆ ಬಂದಿತ್ತು. ಬೆನ್ನಲ್ಲೇ ಆಳಿನ ಕೂಲಿ, ಗೊಬ್ಬರ, ಜೀಪಿನ ಬಾಡಿಗೆ ಎಲ್ಲ ಏರಿದವು. ಕಾಫಿ ಬೆಲೆ ಇಳಿದಾಗ ಇವು ಯಾವುವೂ ಇಳಿಯುವುದಿಲ್ಲ ಎಂಬುದನ್ನು ಹಳೇ ಪುಸ್ತಕ ತೆರೆದು ತೋರಿಸಬಲ್ಲೆ. ಅದಕ್ಕೇ ಒಳ್ಳೇ ವರ್ಷದ ದುಡ್ಡಿನಲ್ಲಿ ಒಂದು ಪಾಲು ಬ್ಯಾಂಕಿನ ಠೇವಣಿಗೆ ಹಾಕಿ, ಅದರ ರಸೀದಿಯನ್ನು ಯಜಮಾನರ ಕೈಗೆ ಸಿಗದ ಹಾಗೆ ಇಡುತ್ತೇನೆ. ಇದನ್ನು ಅವರೂ ಓದುತ್ತಾರೆ, ಓದಲಿ.

ಆ ಠೇವಣಿ ಮುಖ್ಯವಾಗಿ ಆಸ್ಪತ್ರೆಗೆ. ಜ್ವರ, ಹೆರಿಗೆಗೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಇದೆ. ಎದೆನೋವು ಅಂದರೆ ಹಾಸನ. ನಮ್ಮ ಮಾವನವರನ್ನು ಕರೆದುಕೊಂಡು ಹೋದಾಗ ಮದ್ದಿನ ಬಿಲ್ಲಿಗಿಂತ ಹೆಚ್ಚಾಗಿದ್ದು ಗಾಡಿ ಬಾಡಿಗೆ, ಜೊತೆಗಿದ್ದವರ ಊಟ, ಲಾಡ್ಜಿನ ರೂಮು. ತೋಟದ ಕೆಲಸ ನಿಂತು ಹೋದದ್ದು ಬೇರೆ.

ಹಾಗಾಗಿ ಮನೆ ಕೇಳಿಕೊಂಡು ಬಂದವರಿಗೆ ಈಗ ಅಂಕಿ ಹೇಳುವುದು ಬಿಟ್ಟು ಮೇ ತಿಂಗಳ ಪುಟ ತೆಗೆದು ಕೊಡುತ್ತೇನೆ. ಬಾಡಿಗೆಗೆ ಮನೆ ಸಿಗುವುದೇ ಕಷ್ಟ, ಚೆನ್ನಾಗಿರುವವೆಲ್ಲ ಹೋಮ್‌ಸ್ಟೇ ಆಗಿವೆ. ಕಳೆದ ಬಾರಿ ಬಂದ ದಂಪತಿಗೆ ಮನೆಯಲ್ಲೇ ಕೂತು ಕಂಪ್ಯೂಟರಿನ ಕೆಲಸವಂತೆ. ಮಳೆಗಾಲದಲ್ಲಿ ಕೇಬಲ್ ತುಂಡಾದ ದಿನ ಏನು ಮಾಡ್ತೀರಿ ಅಂತ ಕೇಳಿದೆ. ಇಬ್ಬರೂ ಮುಖ ನೋಡಿಕೊಂಡು ಇನ್ವರ್ಟರಿನ ಬೆಲೆ ಬರೆದುಕೊಂಡರು.