ಮಹಡಿ ಬಸ್ಸು

ಅಕ್ಕಂದಿರೇ, ಮಹಡಿ ಮನೆ ನಮಗೆಲ್ಲಾ ಗೊತ್ತು. ಮಹಡಿ ಬಸ್ಸು ಗೊತ್ತೇ? ಮುಂಬಯಿಯಲ್ಲಿ ಅಂಥ ಬಸ್ಸು ಶುರುವಾದದ್ದು 1937ರಲ್ಲಿ. ಬಣ್ಣ ಕೆಂಪು. ಅದನ್ನು ಡಬಲ್ ಡೆಕ್ಕರ್ ಅಂತಾರೆ.

ಕೆಳಗೂ ಸೀಟು, ಮೇಲೂ ಸೀಟು. ಹತ್ತಲು ಒಳಗೇ ಮೆಟ್ಟಿಲು. ರಸ್ತೆಯಲ್ಲಿ ಒಂದೇ ಬಸ್ಸಿನ ಜಾಗ ಸಾಕು. ಆದರೆ ಜನ ಹೆಚ್ಚು ಹಿಡಿಸುತ್ತಾರೆ. ಕೆಲಸಕ್ಕೆ ಹೋಗೋರು, ಸಂತೆಗೆ ಹೋಗೋರು ಎಲ್ಲರಿಗೂ ಅದು ಬೇಕಿತ್ತು. ಮಹಡಿಯ ಮುಂದಿನ ಸೀಟಿಗೆ ಮಕ್ಕಳು ಓಡುತ್ತಿದ್ದರು. ಅಲ್ಲಿ ಗಾಳಿಯೋ ಗಾಳಿ!

ಈ ಬಸ್ಸಿಗೆ ಮೂವರ ದುಡಿಮೆ ಬೇಕು. ಡ್ರೈವರ್ ಒಬ್ಬರು, ಕಂಡಕ್ಟರ್ ಇಬ್ಬರು. ಒಬ್ಬರು ಕೆಳಗೆ, ಒಬ್ಬರು ಮೇಲೆ ಟಿಕೆಟ್ ಕೊಡೋರು. ಅವರೊಳಗೆ ಗಂಟೆಯೇ ಮಾತು. ಒಂದು ಸಲ ಬಾರಿಸಿದರೆ ನಿಲ್ಲಿಸು. ಎರಡು ಸಲ ಬಾರಿಸಿದರೆ ಹೊರಡು.

ಇಬ್ಬರು ಕಂಡಕ್ಟರ್ ಬೇಕು, ಖರ್ಚು ಹೆಚ್ಚು ಅಂತ ಬಸ್ಸುಗಳನ್ನು ಕಡಿಮೆ ಮಾಡಿದರು. ಉಳಿದವಕ್ಕೂ ವಯಸ್ಸಾಯಿತು. ಅಲ್ಲಿ ಬಸ್ಸಿನ ಆಯಸ್ಸು 15 ವರ್ಷ. 2023ರ ಸೆಪ್ಟೆಂಬರ್ 15ರಂದು ಅಂಧೇರಿಯಲ್ಲಿ 415ನೇ ನಂಬರಿನ ಬಸ್ಸು ಕೊನೆಯ ಸಲ ಓಡಿತು. ದಿನವೂ ಜನರನ್ನು ಹೊತ್ತ ಹಳೆಯ ಡೀಸೆಲ್ ಮಹಡಿ ಬಸ್ಸುಗಳಲ್ಲಿ ಅದೇ ಕೊನೆಯದು. ಹೂವಿನ ಹಾರ ಹಾಕಿ ಅದನ್ನು ಕಳಿಸಿದರು. ಅದೇ ವರ್ಷ ಕರೆಂಟಿನಿಂದ ಓಡುವ ಹೊಸ ಮಹಡಿ ಬಸ್ಸುಗಳು ಬಂದವು.

ದುಡಿದ ಬಸ್ಸಿಗೆ ಹಾರ ಹಾಕಿದ್ದು ಸರಿಯೇ. ಆ ಬಸ್ಸನ್ನು ಓಡಿಸಿದ ಕೈಗಳನ್ನೂ ನಾವು ನೆನೆಯಬೇಕು, ಅಲ್ಲವೇ?

ಕೂಡಿ ಮಾತಾಡೋಣ: ನಮ್ಮೂರಿನ ಬಸ್ಸು ಯಾರ ಯಾರ ದುಡಿಮೆಯಿಂದ ಓಡುತ್ತದೆ? ಅವರ ಕೆಲಸಗಳನ್ನು ಪಟ್ಟಿ ಮಾಡಿ ಬರೆಯೋಣ.