ರಂಗದ ಮೇಲಿನ ಪಿಯಾನೊ

ಆಗಸ್ಟ್ ವಿಲ್ಸನ್ನರ 'ದಿ ಪಿಯಾನೊ ಲೆಸನ್' (1987) ನಾಟಕವನ್ನು ಆಡಿಸುವವರಿಗೆ ಪಿಯಾನೊವೇ ಮೊದಲ ಸಮಸ್ಯೆ. ಕಥೆ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ, 1936ರಲ್ಲಿ, ಕರಿಯರ ಮನೆಯೊಂದರಲ್ಲಿ ನಡೆಯುತ್ತದೆ. ಗುಲಾಮಗಿರಿಯ ಕಾಲದಲ್ಲಿ ಇವರ ಮುತ್ತಜ್ಜಿಯನ್ನೂ ಬಾಲಕನಾಗಿದ್ದ ತಾತನನ್ನೂ ಕೊಟ್ಟು ಒಡೆಯನು ಪಡೆದ ವಾದ್ಯವದು. ಅಗಲಿದ ಹೆಂಡತಿಮಗನ ರೂಪಗಳನ್ನು ಮುತ್ತಜ್ಜ ಅದರ ಮೇಲೆ ಕೆತ್ತಿದ. ಅದನ್ನು ಮಾರಿ, ಪೂರ್ವಿಕರು ದುಡಿದ ಹೊಲವನ್ನೇ ಕೊಳ್ಳಬೇಕೆನ್ನುತ್ತಾನೆ ತಮ್ಮ ಬಾಯ್ ವಿಲೀ. ಅಕ್ಕ ಬರ್ನೀಸ್ ಮಾರಗೊಡಳು, ನುಡಿಸಲೂ ಒಲ್ಲಳು.

ತಮ್ಮನನ್ನು ದುರಾಸೆಯವನನ್ನಾಗಿ ಆಡಿದರೆ ನಾಟಕ ಕೆಟ್ಟಿತು. ಗೇಣಿ ಹೊಲದಲ್ಲಿ ದುಡಿದವರ ಮನೆಯಿಂದ ಬಂದ ನನಗಂತೂ ಅವನ ವಾದ ಸುಳ್ಳೆನಿಸದು.

ಎರಡನೆಯ ಅಂಕದಲ್ಲಿ ಅವನೂ ಗೆಳೆಯನೂ ಎಷ್ಟು ನೂಕಿದರೂ ಪಿಯಾನೊ ಕದಲದು. ಹಗುರ ಪೆಟ್ಟಿಗೆಯಿಟ್ಟು ತಿಣುಕಿದರೆ ಪ್ರೇಕ್ಷಕರು ನಕ್ಕಾರು. ಒಳಗೆ ಮರಳಿನ ಚೀಲಗಳನ್ನು ತುಂಬುವುದೇ ಲೇಸು. ರಂಗದ ಮೇಲೆ ಓರೆಯಾಗಿಟ್ಟರೆ ಕೆತ್ತನೆಯೂ, ಕೊನೆಗೆ ನುಡಿಸಲು ಕೂರುವ ಬರ್ನೀಸಳ ಮುಖವೂ ಒಟ್ಟಿಗೇ ಕಾಣುತ್ತವೆ.