ಹತ್ತು ಸಲ ಸ್ಟಾರ್ಟ್ ಆದರೆ ರಿಪೇರಿ ಆದಂತೆಯೇ?

ಹತ್ತು ಹದಿನೈದು ವರ್ಷ ಹಳೆಯ ಕಾರು ಒಂಬತ್ತು ಸಲ ಸರಿಯಾಗಿ ಸ್ಟಾರ್ಟ್ ಆಗಿ ಹತ್ತನೆಯ ಸಲ ಕೈಕೊಟ್ಟರೆ, ಬಹುತೇಕರು ಮೊದಲು ಬ್ಯಾಟರಿ ಬದಲಾಯಿಸುತ್ತಾರೆ. ಒಂದು ವಾರ ತೊಂದರೆ ಕಾಣುವುದಿಲ್ಲ, ಸರಿಹೋಯಿತು ಅಂದುಕೊಳ್ಳುತ್ತಾರೆ. ಮತ್ತೆ ಕೆಟ್ಟಾಗ ಸೆಲ್ಫ್ ಮೋಟಾರು, ಆಮೇಲೆ ಆಲ್ಟರ್ನೇಟರು. ಇಲ್ಲಿ ದುಡ್ಡು ಹೋಗುವುದು ಒಂದು ತಪ್ಪು ಲೆಕ್ಕದಿಂದ. ಹತ್ತರಲ್ಲಿ ಒಂದು ಸಲ ಕೈಕೊಡುವ ಗಾಡಿಯನ್ನು ಯಾರೂ ಮುಟ್ಟದೆ ಬಿಟ್ಟರೂ, ಅದು ಸತತ ಹತ್ತು ಸಲ ಸ್ಟಾರ್ಟ್ ಆಗುವ ಸಾಧ್ಯತೆ ಶೇ 35ರಷ್ಟಿದೆ, 0.9 ಅನ್ನು ಹತ್ತು ಸಲ ಗುಣಿಸಿ ನೋಡಿ. ಅಂದರೆ ಸಂಬಂಧವೇ ಇಲ್ಲದ ಭಾಗ ಹಾಕಿಸಿದ ಮೂವರಲ್ಲಿ ಒಬ್ಬರಿಗೆ ಅದು ಗುಣ ಕೊಟ್ಟಂತೆ ಕಾಣುತ್ತದೆ. ಸತತ ಮೂವತ್ತು ಸ್ಟಾರ್ಟ್ ಆದರೆ ಈ ಆಕಸ್ಮಿಕದ ಪಾಲು ಶೇ 4ಕ್ಕೆ ಇಳಿಯುತ್ತದೆ. ಮಳೆಯಲ್ಲೋ ಬಿಸಿಲಲ್ಲೋ ಮಾತ್ರ ಕಾಣುವ ದೋಷವಾದರೆ ಮೂವತ್ತೂ ಸಾಲದು.

ಆದ್ದರಿಂದ ಮೊದಲ ಖರ್ಚು ಪುರಾವೆಗಾಗಿ ಆಗಬೇಕು, ಭಾಗಕ್ಕಾಗಿ ಅಲ್ಲ. ಕೀ ತಿರುಗಿಸಿದಾಗ ಒಂದೇ ಸಲ ಟಕ್ ಎಂದು ಸುಮ್ಮನಾದರೆ ಸೆಲ್ಫಿನ ಸೊಲೆನಾಯ್ಡ್ ಅಥವಾ ಕಾರ್ಬನ್ ಬ್ರಷ್ ಸವೆದಿರಬಹುದು. ಟಕಟಕ ಎಂದು ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಇಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯದೆ, ಅರ್ಧ ಗಂಟೆ ತಣ್ಣಗಾದ ಮೇಲೆ ಹಿಡಿದರೆ ಬ್ಯಾಟರಿ ನಿರಪರಾಧಿ. ಬಿಸಿಗೆ ಕೆಡುವ ಕ್ರ್ಯಾಂಕ್ ಸೆನ್ಸರನ್ನೋ ಪೆಟ್ರೋಲ್ ಪಂಪಿನ ರಿಲೇಯನ್ನೋ ನೋಡಬೇಕು. ಮುಂದಿನದು ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರಿನ ಕೆಲಸ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು, ಇಂಜಿನ್ ಓಡುವಾಗ 14ರ ಹತ್ತಿರ ಇರಬೇಕು. ಇಷ್ಟೂ ಸರಿಯಿದ್ದರೆ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ದೋಷ ಅರ್ತ್ ವೈರಿನದು. ಗೇರ್‌ಬಾಕ್ಸಿಗೆ ಅದನ್ನು ಬಿಗಿದಿರುವ ಬೋಲ್ಟಿನಡಿಯಲ್ಲಿ ತುಕ್ಕು, ಎಣ್ಣೆಜಿಡ್ಡು ಸೇರಿ ಒಂದು ಪದರ ಕಟ್ಟಿರುತ್ತದೆ. ಕಣ್ಣಿಗೆ ವೈರು ಗಟ್ಟಿಯಾಗಿಯೇ ಕಾಣುತ್ತದೆ. ಸೆಲ್ಫ್ 150 ಆಂಪಿಯರ್ ಎಳೆಯುವಾಗ ಆ ಪದರದ ಪ್ರತಿರೋಧ 0.01 ಓಮ್ ಇದ್ದರೂ 1.5 ವೋಲ್ಟ್ ಅಲ್ಲೇ ನಷ್ಟ. ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿದರೆ ಮುಗಿಯುವ ಕೆಲಸ.

‘ಜಂಪ್ ಕೊಟ್ಟರೆ ಸ್ಟಾರ್ಟ್ ಆಗುತ್ತದೆ, ಹಾಗಾದರೆ ಬ್ಯಾಟರಿಯೇ ಹೋಗಿದೆ ತಾನೆ?’ ಎಂದು ಕೇಳುವವರಿದ್ದಾರೆ. ಇರಬಹುದು. ಆದರೆ ಜಂಪ್ ಕೇಬಲ್ಲಿನ ಕಪ್ಪು ಕ್ಲಿಪ್ಪನ್ನು ಇಂಜಿನ್ನಿನ ಲೋಹಕ್ಕೆ ಹಾಕಿದ್ದರೆ ಕೆಟ್ಟ ಅರ್ತ್ ವೈರನ್ನೇ ಬಳಸಿದಂತಾಗಲಿಲ್ಲ. ಒಳ್ಳೆಯ ಬ್ಯಾಟರಿಯ ಮೇಲೆ ಅಪವಾದ ಬರುವುದು ಹೀಗೆ. ‘ರಾತ್ರಿ ದಾರಿಯಲ್ಲಿ ನಿಂತರೆ ಗತಿಯೇನು, ಹಳೆಯ ಬ್ಯಾಟರಿ ಬದಲಾಯಿಸಿಬಿಡುವುದೇ ಕ್ಷೇಮ’ ಎಂಬುದು ಇದಕ್ಕಿಂತ ತೂಕದ ಮಾತು. ಬ್ಯಾಟರಿಗೆ ನಾಲ್ಕೈದು ವರ್ಷ ಆಗಿದ್ದರೆ ನಾನೂ ಒಪ್ಪುತ್ತೇನೆ, ಅದು ಹೇಗೂ ಬರಲಿರುವ ಖರ್ಚು. ಆದರೂ ಅಳತೆ ತಪ್ಪಿಸಬೇಡಿ, ಯಾಕೆಂದರೆ ಹೊಸ ಬ್ಯಾಟರಿಯ ಹೆಚ್ಚಿನ ಬಲ ಕೆಟ್ಟ ಅರ್ತನ್ನು ಕೆಲವು ತಿಂಗಳು ಮುಚ್ಚಿಟ್ಟೀತು. ಇನ್ನು ಮೆಕ್ಯಾನಿಕ್ ಹುಡುಕುವುದಿಲ್ಲ, ಬರೀ ಬದಲಾಯಿಸುತ್ತಾನೆ ಎಂಬ ದೂರು. ಹುಡುಕಿದ್ದಕ್ಕೆ ನಾವು ಯಾವಾಗ ದುಡ್ಡು ಕೊಟ್ಟಿದ್ದೇವೆ? ಭಾಗ ಮಾರಿದರೆ ಮಾತ್ರ ಅವನಿಗೆ ಸಂಪಾದನೆ ಎಂದಾದರೆ ಭಾಗವೇ ಬದಲಾಗುತ್ತದೆ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ‘ಏನೂ ಬದಲಾಯಿಸದಿದ್ದರೂ ನೋಡಿದ್ದಕ್ಕೆ ಇಷ್ಟು’ ಎಂದು ಮೊದಲೇ ಮಾತಾಡಿಕೊಳ್ಳಿ. ಗಾಡಿ ಬಿಡುವಾಗ ತಂಪಿನಲ್ಲೋ ಬಿಸಿಯಲ್ಲೋ, ಯಾವ ಸದ್ದು, ಎಷ್ಟು ಹೊತ್ತಿನ ನಂತರ ಹಿಡಿಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಸೆಲ್ಫ್ ಮೋಟಾರು ಬದಲಾಯಿಸಲೇಬೇಕಾಗಿ ಬಂದರೆ ಹಳೆಯದನ್ನು ಕೇಳಿ ತೆಗೆದುಕೊಳ್ಳಿ. ಮೂವತ್ತು ಸ್ಟಾರ್ಟ್ ಮುಗಿಯುವವರೆಗೆ ಗುಜರಿಗೆ ಹಾಕಬೇಡಿ.